ಹಿಟ್ಟಿನ ಗಿರಣಿಗೆ ಹೋದ ನನ್ನ ಫೈಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಕಂಪ್ಯೂಟರ್ ಖಾಲಿಯಾಯಿತು. ತಪ್ಪು ನನ್ನದೇ. ಎರಡು ದಿನದಿಂದ ಅದು ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಅವಸರದಲ್ಲಿ ಅದು ಕೇಳಿದ ಪ್ರಶ್ನೆಗಳಿಗೆಲ್ಲ ಹೌದು, ಹೌದು ಎಂದು ಒತ್ತುತ್ತ ಹೋದೆ. ಕೊನೆಯ ಪ್ರಶ್ನೆ, ಎಲ್ಲವನ್ನೂ ಅಳಿಸಲೇ ಎಂಬುದಾಗಿತ್ತು. ಅದಕ್ಕೂ ಹೌದು ಎಂದೆ. ಹಾಲು ಇಳಿಸಿ ಬರುವಷ್ಟರಲ್ಲಿ ಹದಿಮೂರು ವರ್ಷದಿಂದ ಊರಿನವರಿಗೆ ಮಾಡಿಕೊಟ್ಟ ಲಗ್ನಪತ್ರಿಕೆಗಳು, ನಾಮಕರಣದ ಕರೆಯೋಲೆಗಳು, ಬೋರ್‌ವೆಲ್ ಅಂಗಡಿಯವರ ಲೆಟರ್‌ಹೆಡ್ಡುಗಳು ಎಲ್ಲ ಹೋಗಿ, ಕಪ್ಪು ಪರದೆಯ ಮೂಲೆಯಲ್ಲಿ ಸಣ್ಣ ಬಿಳಿ ಗೆರೆಯೊಂದು ಮಿಣುಕುತ್ತಿತ್ತು.

ನಮ್ಮೂರಿನಲ್ಲಿ ಹೀಗಾದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೀಬೋರ್ಡನ್ನು ಬಿಚ್ಚಿ, ಒರೆಸಿ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಜಗಲಿಯ ಮೇಲೆ ಇಟ್ಟೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ನು, ಒಂದು ತಂಬಿಗೆ ಪಾನಕ. ಮಧ್ಯಾಹ್ನದೊಳಗೆ ಮೊದಲನೆಯವರಾಗಿ ಬಾಳೆಹಣ್ಣಿನ ಅಂಗಡಿಯ ತಿಮ್ಮೇಗೌಡರು ಬಂದರು. ಚಪ್ಪಲಿ ಬಿಟ್ಟು ಕೂತು, ಕಣ್ಣು ಮುಚ್ಚಿ, "ನಮ್ಮ ಕನಿಷ್ಠ ಪುತ್ರಿ" ಎಂದು ಶುರು ಮಾಡಿ, ಮುಹೂರ್ತ, ಛತ್ರದ ವಿಳಾಸ, ಸುಖಾಗಮನ ಬಯಸುವವರ ಹದಿನೇಳು ಹೆಸರುಗಳನ್ನೂ ಬಿಡದೆ ಒಪ್ಪಿಸಿದರು. ನಾನು ಬರೆದುಕೊಂಡೆ. ಮುಗಿದ ಮೇಲೆ ತಲೆ ಕೊಡವಿಕೊಂಡು, ಎರಡು ಲೋಟ ಪಾನಕ ಕುಡಿದು ಹಗುರಾಗಿ ಎದ್ದುಹೋದರು.

ಯಂತ್ರದಿಂದ ಅಳಿಸಿಹೋದ ಬರಹ ನಮ್ಮಲ್ಲಿ ಊರಿನವರ ತಲೆಗೆ ಬರುತ್ತದೆ. ಯಾರಿಗೆ ಯಾವುದು ಬರುತ್ತದೆಂದು ಹೇಳಲಾಗದು. ಓದು ಬಾರದವರಿಗೂ ಬರುತ್ತದೆ. ಬಂದದ್ದನ್ನು ಒಪ್ಪಿಸಿದರೆ ಅವರ ತಲೆಯಿಂದ ಇಳಿಯುತ್ತದೆ. ಒಪ್ಪಿಸದೆ ಉಳಿದದ್ದು, ಆ ಯಂತ್ರಕ್ಕೆ ಹೊಸ ಸಿಸ್ಟಮ್ ಹಾಕಿ ಪರದೆ ಮೊದಲ ಸಲ ಬೆಳಗಿದ ಕ್ಷಣಕ್ಕೆ ಎಲ್ಲರ ತಲೆಯಿಂದಲೂ ಒಟ್ಟಿಗೆ ಹೊರಟುಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ಸಿಸ್ಟಮ್ಮನ್ನು ಆ ದಿನವೇ ಹಾಕಿಸುವುದಿಲ್ಲ; ಒಂದು ವಾರ ಕಾಯುತ್ತಾರೆ. ಇದಕ್ಕೆ ಎರಡು ಮರ್ಯಾದೆಗಳಿವೆ. ನಿನಗೇನು ಬಂದಿದೆ ಎಂದು ಯಾರನ್ನೂ ಕೇಳುವಂತಿಲ್ಲ. ಬಂದದ್ದು ಯಾರದು, ಎಂಥದು ಎಂದು ಯಾರೂ ಆಡಿಕೊಳ್ಳುವಂತಿಲ್ಲ.

ಆ ಎರಡು ಮರ್ಯಾದೆಗಳ ಬೆಲೆ ನನಗೆ ಗೊತ್ತಾದದ್ದು ಆ ವಾರ. ಏಕೆಂದರೆ ಆ ಯಂತ್ರದಲ್ಲಿ 'ಹಳೆ ವಿದ್ಯುತ್ ಅರ್ಜಿ' ಎಂಬ ಹೆಸರಿನ ಒಂದು ಫೈಲಿತ್ತು. ಅಂಥ ಹೆಸರಿಟ್ಟರೆ ಯಾರೂ ತೆರೆಯುವುದಿಲ್ಲವೆಂದು ಇಟ್ಟದ್ದು. ಅದರ ತುಂಬ ನಾನು ಆಡದೆ ನುಂಗಿಕೊಂಡ ಮಾತುಗಳಿದ್ದವು. ಯಾರಾದರೂ ಏನಾದರೂ ಅಂದರೆ ನನಗೆ ಉತ್ತರ ಹೊಳೆಯುವುದು ಅರ್ಧ ಗಂಟೆಯ ಮೇಲೆ, ಪಾತ್ರೆ ತೊಳೆಯುವಾಗ. ಹೊಳೆದರೂ ಆಡುವ ಧೈರ್ಯವಿಲ್ಲ. ಕೈ ಒರೆಸಿಕೊಂಡು ಬಂದು ಬರೆದಿಡುತ್ತಿದ್ದೆ. ಹನ್ನೊಂದು ವರ್ಷ ಬರೆದೆ. ಸುಮ್ಮನೆ ಬರೆಯುತ್ತಿರಲಿಲ್ಲ, ತಿದ್ದುತ್ತಿದ್ದೆ. ಒಂದು ಪದ ತೆಗೆದರೆ ಇನ್ನಷ್ಟು ನಾಟುತ್ತದೆ ಎನಿಸಿದರೆ ತೆಗೆಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಕೆಲವು ಬಹಳ ಚೆನ್ನಾಗಿದ್ದವು. ಅತ್ತೆಗೆ ಕೊಡಬೇಕಾಗಿದ್ದ ಉತ್ತರಗಳು ಹೆಚ್ಚು, ಆಮೇಲೆ ಗಂಡನಿಗೆ, ಆಮೇಲೆ ಪತ್ರಿಕೆ ಮಾಡಿಸಲು ಬರುವ ಗಿರಾಕಿಗಳಿಗೆ. ಈಗ ಅವೆಲ್ಲ ಊರಿನಲ್ಲಿ ಯಾರದೋ ತಲೆಯಲ್ಲಿ ಕೂತಿದ್ದವು.

ಮೊದಲು ನನ್ನ ಗಂಡ ಮಹದೇವಯ್ಯನವರ ಮೇಲೇ ಅನುಮಾನ ಬಂತು. ಡೇರಿಯಿಂದ ಬಂದವರು ಊಟಕ್ಕೆ ಕೂತು ಮಾತಾಡಲಿಲ್ಲ. ಸಾರು ಬಡಿಸಿದರೆ ಸಾಕೆಂದೂ ಅನ್ನಲಿಲ್ಲ. ಎರಡು ದಿನ ಹಾಗೇ ಇದ್ದು, ಬುಧವಾರ ಬೆಳಿಗ್ಗೆ ನಾಚಿಕೊಂಡು ಜಗಲಿಗೆ ಬಂದು ಕೂತು, ಚರ್ಚಿನ ಬೀದಿಯ ಅಂತೋನಿಯವರ ಮೊಮ್ಮಗುವಿನ ದೀಕ್ಷಾಸ್ನಾನದ ಆಹ್ವಾನವನ್ನು ಒಪ್ಪಿಸಿದರು. ನನಗೆ ಎಷ್ಟು ನಿರಾಳವಾಯಿತೆಂದರೆ ಅವರಿಗೆ ಪಾನಕದ ಬದಲು ಕಾಫಿಯನ್ನೇ ಮಾಡಿಕೊಟ್ಟೆ. ಅತ್ತೆಗೆ ಬಂದದ್ದು ಬರೀ ಒಂದು ಛತ್ರದ ನಿಯಮಾವಳಿ. ಅದನ್ನು ಅವರು ಮೊದಲ ದಿನವೇ, ಊದುಬತ್ತಿ ಹಚ್ಚುತ್ತ ಹೇಳಿ ಮುಗಿಸಿದ್ದರು.

ಹಾಗಾದರೆ ಫೈಲು ಹೊರಗಿನವರ ಹತ್ತಿರವಿದೆ. ನನಗಿದ್ದದ್ದು ಎರಡೇ ದಾರಿ. ಕಾದರೆ ಯಾರೋ ಒಬ್ಬರು ಬಂದು, ನನ್ನೆದುರೇ ಕೂತು, ನನ್ನ ಹನ್ನೊಂದು ವರ್ಷವನ್ನು ಒಂದೊಂದೇ ಸಾಲಾಗಿ ಹೇಳುತ್ತಾರೆ. ಕಾಯದಿದ್ದರೆ ಫೈಲು ಇಲ್ಲವೇ ಇಲ್ಲ. ನಾನು ಕಾಯದಿರಲು ನಿರ್ಧರಿಸಿ ಜುಲೇಖಮ್ಮನಿಗೆ ಹೇಳಿಕಳಿಸಿದೆ. ಜುಲೇಖಮ್ಮನಿಗೆ ಅರವತ್ತರ ಮೇಲೆ ವಯಸ್ಸು. ತಂದೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತವರು. ನಮ್ಮೂರಿನ ಎಲ್ಲ ಕಂಪ್ಯೂಟರಿಗೂ ಸಿಸ್ಟಮ್ ಹಾಕುವವರು ಅವರೇ. ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಾರೆ. ಶುಕ್ರವಾರ ನಮಾಜು ಮುಗಿಸಿ ಬರುತ್ತೇನೆ ಎಂದರು.

ಬುಧವಾರ ಹನ್ನೊಂದಕ್ಕೆ ಒಂದು ಡಬ್ಬ ರಾಗಿ ಹಿಡಿದು ಗಿರಣಿಗೆ ಹೋದೆ. ನಮ್ಮ ಬೀದಿಯ ಹಿಟ್ಟಿನ ಗಿರಣಿ ಕೆಂಪರಾಜುವಿನದು. ಹೆಸರಿಗೆ ಅವನದು; ಬೀಸುವುದು, ಕಲ್ಲು ಸವೆದರೆ ಉಳಿ ಹೊಡೆದು ಹಲ್ಲು ಮೂಡಿಸುವುದು, ಯಾರ ಹಿಟ್ಟು ಎಷ್ಟು ನುಣ್ಣಗಿರಬೇಕೆಂದು ನೆನಪಿಡುವುದು ಎಲ್ಲ ಅವನ ಹೆಂಡತಿ ಚೆಲುವಾಂಬ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದರೂ ಅವಳ ಧ್ವನಿ ಹೇಗಿದೆಯೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗಿರಣಿಯ ಸದ್ದಿನಲ್ಲಿ ಯಾರೂ ಮಾತಾಡುವುದಿಲ್ಲ ಬಿಡಿ, ಆದರೆ ಸದ್ದು ನಿಂತಾಗಲೂ ಅವಳು ಕೈಸನ್ನೆಯಲ್ಲೇ ಮುಗಿಸುತ್ತಿದ್ದಳು. ಅವತ್ತು ಆರೇಳು ಹೆಂಗಸರು ಸಾಲಿನಲ್ಲಿದ್ದೆವು. ಕೆಂಪರಾಜು ಸ್ಟೂಲಿನ ಮೇಲೆ ಕೂತು, ತನ್ನ ಅಪ್ಪನ ಕಾಲದಲ್ಲಿ ಈ ಮಿಲ್ಲಿನ ಹಿಟ್ಟೆಂದರೆ ಹತ್ತೂರಿನವರು ಬರುತ್ತಿದ್ದರು, ಈಗ ಹೆಂಗಸರ ಕೈಗೆ ಬಂದು ಹಿಟ್ಟು ಹಿಟ್ಟಾಗಿಲ್ಲ ಎಂದು ಯಾರಿಗೋ ಹೇಳುತ್ತಿದ್ದ. ಚೆಲುವಾಂಬ ಸ್ವಿಚ್ಚು ಆರಿಸಿದಳು. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಆಮೇಲೆ ಅವಳು ಗಂಡನ ಕಡೆ ತಿರುಗಿ, ಪಾಠ ಒಪ್ಪಿಸುವವಳಂತೆ ಹೇಳಿದಳು.

"ಅತ್ತೆ, ನಿಮ್ಮ ಕಾಲದ ಒಬ್ಬಟ್ಟು ಅಷ್ಟು ಚೆನ್ನಾಗಿತ್ತು ಅಂದ್ರೆ, ತಿಂದೋರಲ್ಲಿ ಒಬ್ರಾದ್ರೂ ನೆನಪಿಟ್ಕೊಂಡಿರ್ಬೇಕಿತ್ತಲ್ಲ. ಯಾವಾಗ್ಲೂ ನೀವೊಬ್ರೇ ಹೇಳ್ತೀರಿ."

ಕೆಂಪರಾಜು ಸ್ಟೂಲಿನಿಂದ ಎದ್ದು ನಿಂತ. ಅವನು ಅತ್ತೆಯಲ್ಲ, ಅಲ್ಲಿ ಒಬ್ಬಟ್ಟೂ ಇರಲಿಲ್ಲ. ಆದರೂ ಮಾತು ಹೋಗಿ ತಲುಪಬೇಕಾದಲ್ಲಿಗೆ ತಲುಪಿತ್ತು. ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿ, ನನ್ನನ್ನು ನೋಡಿ, ತಕ್ಷಣ ತಮ್ಮ ತಮ್ಮ ಡಬ್ಬಗಳನ್ನು ನೋಡತೊಡಗಿದರು. ಊರಿನಲ್ಲಿ ಆ ವಾರ ಕೀಬೋರ್ಡು ಹೊರಗಿಟ್ಟಿದ್ದದ್ದು ನಮ್ಮ ಮನೆಯೊಂದೇ. ರಾಗಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಮಧ್ಯಾಹ್ನ ಅತ್ತೆ ಮಲಗಿದ್ದ ಹೊತ್ತಿಗೆ ಚೆಲುವಾಂಬ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಡಬ್ಬವಿತ್ತು, ಬೀಸಿ ತಂದಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು. ನಾನು ನೋಟ್‌ಬುಕ್ಕು ತರಲು ಎದ್ದೆ. ಅವಳು ಬೇಡವೆಂದು ತಲೆಯಾಡಿಸಿ ಬಾವಿಯ ಕಟ್ಟೆಯ ಮೇಲೆ ಕೂತಳು. ಒಪ್ಪಿಸುವುದಕ್ಕೆ ಬಂದಿಲ್ಲವಂತೆ. ಭಾನುವಾರ ಅವಳ ಗಂಡನ ಅಣ್ಣ ಹೊನ್ನಯ್ಯ ಬರುತ್ತಾನಂತೆ. ಅವನು ಹುಟ್ಟಿದ್ದು ನಮ್ಮೂರಲ್ಲೇ ಆದರೂ ಈಗಿರುವುದು ಹೆದ್ದಾರಿಯ ಪಕ್ಕದ ಇನ್ನೊಂದು ಊರಿನಲ್ಲಿ. ಗಿರಣಿಯನ್ನು ಬಿಚ್ಚಿ ಅಲ್ಲಿಗೆ ಸಾಗಿಸಬೇಕು, ಅಣ್ಣತಮ್ಮಂದಿರು ಒಟ್ಟಿಗೆ ನಡೆಸಬೇಕು ಎಂದು ಮಾತಾಗಿದೆ. ಅಲ್ಲಿ ಆಳುಗಳಿದ್ದಾರೆ, ಚೆಲುವಾಂಬ ಅಡುಗೆಮನೆಯಲ್ಲಿದ್ದರೆ ಸಾಕು. ಅವಳನ್ನು ಯಾರೂ ಕೇಳಿಲ್ಲ. ಕೇಳಿದರೂ ಅವಳಿಗೆ ಗಂಟಲು ಕಟ್ಟಿಕೊಳ್ಳುತ್ತದೆ. ಮದುವೆಯಾದಾಗಿನಿಂದ ಭಾವನ ಮುಂದೆ ಅವಳು ಒಂದು ಮಾತೂ ಆಡಿದವಳಲ್ಲ.

"ಈಗ ಬಾಯ್ತುಂಬ ಮಾತಿದೆ ವಿಶಾಲಕ್ಕ. ನಿಮ್ದು ಅಂತ ಗೊತ್ತು, ತಪ್ಪು ತಿಳ್ಕೋಬೇಡಿ. ಶುಕ್ರವಾರ ಸಿಸ್ಟಮ್ ಹಾಕಿಸ್ಬಿಟ್ರೆ ನಾನು ಮತ್ತೆ ಮೂಗಿ. ಭಾನುವಾರ ಒಂದು ಕಳೀಲಿ. ಸೋಮವಾರ ಬಂದು ಒಂದೂ ಬಿಡ್ದೆ ಎಲ್ಲಾ ಒಪ್ಪಿಸ್ತೀನಿ."

ಎಷ್ಟು ಬಂದಿದೆ ಎಂದು ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. ಮುನ್ನೂರರ ಮೇಲೆ ಎಂದಳು. ಆಮೇಲೆ ಅವಳೂ ಮರ್ಯಾದೆ ಮೀರಿದಳು. "ಇಷ್ಟರಲ್ಲಿ ಒಂದನ್ನೂ ಅಂದಿಲ್ವಾ ಅಕ್ಕ ನೀವು?" ಇಲ್ಲ ಎಂದೆ. ಅವಳು ನನ್ನ ಮೊಣಕೈ ಮುಟ್ಟಿದಳು. ಅಲ್ಲಿ ಹಿಟ್ಟಿನ ಐದು ಬೆರಳು ಮೂಡಿದವು.

ಜುಲೇಖಮ್ಮನಿಗೆ ಸೋಮವಾರ ಬನ್ನಿ ಎಂದು ಹೇಳಿಕಳಿಸಿದೆ. ಮಗಳ ಲಗ್ನಪತ್ರಿಕೆಗೆ ಕಾಯುತ್ತಿದ್ದ ಗುರುಬಸಪ್ಪ ಮೇಷ್ಟ್ರು ದಿನಕ್ಕೆರಡು ಸಲ ಬಂದು ಜಗಲಿಯನ್ನು ನೋಡಿ ನಿಟ್ಟುಸಿರು ಬಿಟ್ಟು ಹೋದರು. ಅಷ್ಟರಲ್ಲಿ ಒಬ್ಬಟ್ಟಿನ ಮಾತು ಬೀದಿ ಸುತ್ತಿ ನಮ್ಮ ಮನೆಯೊಳಗೂ ಬಂತು. ಶುಕ್ರವಾರ ಅವರೆಕಾಳು ಸುಲಿಯುತ್ತ ಕೂತಿದ್ದಾಗ ಅತ್ತೆ ತಲೆಯೆತ್ತದೆ, ಚೆಲುವಿ ಅಂದದ್ದು ತಮಗೆ ಸೇರಬೇಕಾದ ಮಾತಲ್ಲವೇ ಎಂದರು. ಹೌದೆಂದೆ. ಯಾವ ಹಬ್ಬದ್ದು ಎಂದು ಕೇಳಿದರು. ಹನ್ನೊಂದು ವರ್ಷದ ಹಿಂದಿನ ಯುಗಾದಿಯದು ಎಂದೆ. ಅತ್ತೆ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅವತ್ತೇ ಅಂದಿದ್ರೆ ನಾನೂ ಒಂದು ಬಿಸಿ ಉತ್ತರ ಕೊಡ್ತಿದ್ದೆ ಕಣೆ. ಈಗ ಹುಡುಕಿದ್ರೆ ಸಿಕ್ತಾ ಇಲ್ಲ" ಎಂದರು. ಅವರ ಮುಖದಲ್ಲಿ ಸಿಟ್ಟಿಗಿಂತ ಮೋಸ ಹೋದವರ ಭಾವವಿತ್ತು. ನನಗೆ ಅದೇ ಹೆಚ್ಚು ತಾಗಿತು. ಅವರನ್ನು ಬಯ್ಯದೆ ಬಿಟ್ಟು ದೊಡ್ಡತನ ಮೆರೆದೆನೆಂದುಕೊಂಡಿದ್ದೆ. ಅವರಿಗೆ ಒಂದು ಒಳ್ಳೆಯ ಜಗಳವನ್ನು ತಪ್ಪಿಸಿದ್ದೆ.

ಭಾನುವಾರ ನಾನು ಗೋಧಿಯ ನೆಪ ಮಾಡಿಕೊಂಡು ಗಿರಣಿಗೆ ಹೋದೆ. ಡಬ್ಬ ಭಾರವಿತ್ತೆಂದು ಮಹದೇವಯ್ಯನವರೂ ಬಂದರು. ಮಿಲ್ಲಿನ ಮುಂದೆ ಚಾಪೆ ಹಾಕಿ ಹೊನ್ನಯ್ಯ, ಕೆಂಪರಾಜು ಕೂತಿದ್ದರು. ಬೀದಿಯ ಇನ್ನೂ ನಾಲ್ಕು ಜನ ನಮ್ಮಂತೆಯೇ ಏನೇನೋ ನೆಪ ಹಿಡಿದು ನಿಂತಿದ್ದರು. ಹೊನ್ನಯ್ಯ ದಪ್ಪ ಧ್ವನಿಯಲ್ಲಿ, ಅಲ್ಲಿ ಚೆಲುವಾಂಬ ಧೂಳು ಕುಡಿಯಬೇಕಾಗಿಲ್ಲ, ಮನೆಯಲ್ಲಿ ಆರಾಮವಾಗಿರಬಹುದು ಎಂದು ಹೇಳುತ್ತಿದ್ದ. ಕಂಬಕ್ಕೆ ಒರಗಿ ನಿಂತಿದ್ದ ಚೆಲುವಾಂಬ ಮುಂದೆ ಬಂದಳು.

"ನೀವು ಡೇರಿಗೆ ಹೋದ್ಮೇಲೆ ಈ ಮನೆ ತನ್ನಷ್ಟಕ್ಕೆ ತಾನೇ ಗುಡಿಸ್ಕೊಳ್ಳುತ್ತೆ, ನಾನು ನಿಂತು ನೋಡ್ತಿರ್ತೀನಿ" ಎಂದಳು. ನಗು ಎದ್ದಿತು. ಹೊನ್ನಯ್ಯ ಯಾವ ಡೇರಿ ಎಂದ. ನನ್ನ ಪಕ್ಕದಲ್ಲಿದ್ದ ಮಹದೇವಯ್ಯನವರು ತಮ್ಮ ಚಪ್ಪಲಿಯ ಉಂಗುಟವನ್ನು ಬಹಳ ಆಸಕ್ತಿಯಿಂದ ನೋಡಿಕೊಂಡರು. ಚೆಲುವಾಂಬ ಇನ್ನೊಂದನ್ನು ಹುಡುಕಿದಳು. "ಮದುಮಗನ ಡಿಗ್ರಿಗೆ ಎರಡು ಸಾಲು ಬೇಕು ಅಂದ್ರಿ, ಮದುಮಗಳಿಗೆ ಒಂದು ಇನಿಷಿಯಲ್ಲೂ ಬೇಡ್ವಾ?" ಇನ್ನೂ ನಗು. ಕೆಂಪರಾಜುವೂ ನಕ್ಕ. ಅವಳ ಕಣ್ಣು ಮುನ್ನೂರು ಮಾತಿನ ಮೇಲೆ ಓಡಾಡುತ್ತಿರುವುದು ನನಗೆ ಕಾಣುತ್ತಿತ್ತು. ನಾನೂ ಅವಳ ಜೊತೆ ಮನಸ್ಸಿನಲ್ಲೇ ಓಡಾಡಿದೆ. ಹೊನ್ನಯ್ಯನ ಮಾತಿಗೆ ಸಲ್ಲುವ ಒಂದೂ ಅಲ್ಲಿರಲಿಲ್ಲ. ಎಲ್ಲ ತಿರುಗಿ ಚುಚ್ಚುವ ಮಾತುಗಳು. ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ, ನನಗೆ ಇದು ಬೇಕು, ಇದು ಬೇಡ ಎಂದು ಬರೆದಿರಲಿಲ್ಲ.

ಚೆಲುವಾಂಬ ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಸಲ ಒಪ್ಪಿಸುವ ಧಾಟಿ ಇರಲಿಲ್ಲ. ಧ್ವನಿ ಒಡೆದು, ಸಣ್ಣಗೆ ಬಂತು.

"ಮಿಲ್ಲು ಇಲ್ಲೇ ಇರುತ್ತೆ ಭಾವ. ನಾನು ಬರಲ್ಲ."

ಆಮೇಲೆ ಹೊನ್ನಯ್ಯ ತೊಡೆ ತಟ್ಟಿ ನಕ್ಕು, ಊರಿನವರೆಲ್ಲ ಕೇಳುವಂತೆ ಮರ್ಯಾದೆ ಮುರಿದ. ಇದು ಯಾರದೋ ಕಂಪ್ಯೂಟರಿನ ಮಾತು, ಇವಳದಲ್ಲ. ಆ ಯಂತ್ರ ಸರಿಯಾದರೆ ಇವಳೂ ಸರಿಯಾಗುತ್ತಾಳೆ ಎಂದ. ನಾಳೆ ಲಾರಿ ತರುತ್ತೇನೆ, ಸಿಸ್ಟಮ್ ಹಾಕಿದ ಮೇಲೆ ಕೇಳೋಣ ಎಂದ. ಕೆಂಪರಾಜುವಿಗೂ ಅದು ನ್ಯಾಯವೆಂದು ಕಂಡಿತು. ನೆರೆದವರು ಕೂಡ ತಲೆದೂಗಿದರು. ನಮ್ಮೂರಿನಲ್ಲಿ ಅದು ತಳ್ಳಿಹಾಕುವ ಮಾತಲ್ಲ.

ನಾನು ಗೋಧಿಯ ಡಬ್ಬವನ್ನು ಕೆಳಗಿಟ್ಟೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಒಬ್ಬಟ್ಟಿಂದು ನಂದು. ಡೇರೀದು, ಮದುಮಗಳದ್ದು ನಂದೇ. ಆದ್ರೆ ಬರಲ್ಲ ಅಂದ್ಲಲ್ಲ, ಅದು ನಂದಲ್ಲ. ಹನ್ನೊಂದು ವರ್ಷ ಬರೆದಿದೀನಿ, ಅಂಥದ್ದೊಂದು ಬರೆಯೋದು ನಂಗೆ ಹೊಳೆದೇ ಇರ್ಲಿಲ್ಲ."

ಹೊನ್ನಯ್ಯ, ನಾಳೆ ಗೊತ್ತಾಗುತ್ತದಲ್ಲ ಎಂದ. ಮನೆಗೆ ಬರುವ ದಾರಿಯಲ್ಲಿ ಮಹದೇವಯ್ಯನವರು ಡೇರಿಯ ವಿಷಯ ಎತ್ತುತ್ತಾರೇನೋ ಎಂದು ಕಾದೆ. ಅವರು ಜಗಲಿ ಹತ್ತುವಾಗ, ಮನೆಯಲ್ಲಿ ನಿನಗೇನು ಕೆಲಸ ಎಂದು ತಾವು ಯಾವಾಗ ಅಂದದ್ದು ಎಂದು ಕೇಳಿದರು. ಮೂರು ಸಲ ಅಂದಿದ್ದೀರಿ ಎಂದೆ. ಹೂಂ ಎಂದರು. ಮನೆಗೆ ಹೋದ ಮೇಲೆ ಪೊರಕೆ ಹಿಡಿಯಲಿಲ್ಲ, ಅಂಥ ಪವಾಡವೇನೂ ಆಗಲಿಲ್ಲ. ಡಬ್ಬವನ್ನು ಮಾತ್ರ ಅಡುಗೆಮನೆಯವರೆಗೂ ತಂದಿಟ್ಟರು.

ಸಂಜೆ ನಾನೇ ಚೆಲುವಾಂಬಳ ಹತ್ತಿರ ಹೋಗಿ, ಬೇಕಾದರೆ ಸಿಸ್ಟಮ್ ಹಾಕಿಸುವುದೇ ಇಲ್ಲ, ಯಂತ್ರ ಖಾಲಿಯಾಗಿಯೇ ಇರಲಿ ಎಂದೆ. ಮನಸ್ಸಿನಿಂದಲೇ ಹೇಳಿದೆ. ಪತ್ರಿಕೆಗಳನ್ನು ಕೈಯಲ್ಲಿ ಬರೆದುಕೊಟ್ಟರಾಯಿತು. ಅವಳು ಗಿರಣಿಯ ಕಲ್ಲನ್ನು ಮಗುಚಿಕೊಂಡು ಉಳಿ ಹೊಡೆಯುತ್ತಿದ್ದಳು. ನಿಲ್ಲಿಸದೆಯೇ, "ಹಾಕ್ಸಿ ಅಕ್ಕ. ನಂಗೂ ಗೊತ್ತಾಗ್ಬೇಕು" ಎಂದಳು.

ಸೋಮವಾರ ಒಂಬತ್ತಕ್ಕೆ ಲಾರಿ ಬಂದು ನಮ್ಮ ಮನೆಗೂ ಗಿರಣಿಗೂ ನಡುವೆ ಬೀದಿಯನ್ನು ಪೂರ್ತಿ ತುಂಬಿಕೊಂಡು ನಿಂತಿತು. ಹೊನ್ನಯ್ಯ ಜಗಲಿಯ ತುದಿಯಲ್ಲಿ ಕೂತ. ಕೆಂಪರಾಜು ನಿಂತೇ ಇದ್ದ. ಜುಲೇಖಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಕೀಬೋರ್ಡು ಜೋಡಿಸಿ, ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಚುಚ್ಚಿದರು. ಒಪ್ಪಿಸುವವರು ಇನ್ನೂ ಯಾರಾದರೂ ಇದ್ದರೆ ಈಗಲೇ ಎಂದರು. ಚೆಲುವಾಂಬ ಜಗಲಿಯ ಬಾಗಿಲ ಬಳಿ ನನ್ನ ಪಕ್ಕದಲ್ಲಿ ಕೂತು, ಕೊಟ್ಟ ಮಾತಿನಂತೆ, ಶುರು ಮಾಡಲೇ ಎಂದಳು. ನೋಟ್‌ಬುಕ್ಕು ನನ್ನ ತೊಡೆಯ ಮೇಲೇ ಇತ್ತು. ಬೇಡವೆಂದೆ. ಸಂಕಟವಾಗಲಿಲ್ಲವೆಂದರೆ ಸುಳ್ಳಾಗುತ್ತದೆ, ನಮ್ಮ ಓರಗಿತ್ತಿಯ ರೇಷ್ಮೆ ಸೀರೆಯ ಬಗ್ಗೆ ಒಂದು ಮಾತಿತ್ತು, ನಾಲ್ಕೇ ಪದ, ಅಂಥದು ಮತ್ತೆ ಹುಟ್ಟುವುದಿಲ್ಲ. ಆದರೂ ಮನೆಯ ಹಳೆ ಔಷಧಿಯ ಸೀಸೆಗಳನ್ನೆಲ್ಲ ಒಟ್ಟಿಗೆ ಹೊರಗೆ ಹಾಕಿದಂಥ ಹಗುರವೂ ಇತ್ತು.

ಯಂತ್ರ ಯಾವ ಭಾಷೆ ಎಂದು ಕೇಳಿತು. ಯಾವ ಊರು ಎಂದು ಕೇಳಿತು. ನಮ್ಮೂರು ಅದರ ಪಟ್ಟಿಯಲ್ಲಿ ಇರುವುದಿಲ್ಲ; ಜುಲೇಖಮ್ಮ ಎಂದಿನಂತೆ ಮೊದಲ ಹೆಸರನ್ನೇ ಒತ್ತಿ, "ಗಡಿಯಾರ ತಿರುಗಿದ್ರೆ ಸಾಕು" ಎಂದರು. ಬೇರೆ ಏನೇನೋ ಕೇಳಿದ್ದಕ್ಕೆಲ್ಲ ಬೇಡ, ಬೇಡ, ಆಮೇಲೆ ಎಂದು ಒತ್ತಿದರು. ಆಮೇಲೆ ಶೇಕಡಾ ಲೆಕ್ಕ ಶುರುವಾಯಿತು. ಮೂವತ್ತೆಂಟರಲ್ಲಿ ಬಹಳ ಹೊತ್ತು ನಿಂತಿತು. ಅತ್ತೆ ಎಲ್ಲರಿಗೂ ಮಜ್ಜಿಗೆ ಕೊಟ್ಟರು, ಹೊನ್ನಯ್ಯನಿಗೂ. ಯಂತ್ರ ಒಂದು ಸಲ ಆರಿ ಹತ್ತಿತು, ಇನ್ನೊಂದು ಸಲ ಆರಿ ಹತ್ತಿತು. ಚೆಲುವಾಂಬ ಕೈಯನ್ನು ಗಂಟಲ ಮೇಲೆ ಇಟ್ಟುಕೊಂಡಿದ್ದಳು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಪರದೆ ತಿಳಿನೀಲಿಯಾಗಿ ಬೆಳಗಿತು.

ನನಗೇನೂ ಅನ್ನಿಸಲಿಲ್ಲ, ನನ್ನ ತಲೆಯಲ್ಲಿ ಏನೂ ಇರಲಿಲ್ಲವಲ್ಲ. ಆದರೆ ಬೀದಿಯಲ್ಲಿ ಇಬ್ಬರು ಮೂವರು ನಡೆಯುತ್ತಿದ್ದವರು ಗಕ್ಕನೆ ನಿಂತು, ಏನನ್ನೋ ಮರೆತವರಂತೆ ಹಿಂದೆ ನೋಡಿ, ಮತ್ತೆ ಹೊರಟರು. ಚೆಲುವಾಂಬ ಒಮ್ಮೆ ಬಿಕ್ಕಿದಂತೆ ಉಸಿರೆಳೆದುಕೊಂಡಳು. ಅವಳ ಮುಖ ಹಳೆಯ ಮುಖವೇ ಆಯಿತು.

ಹೊನ್ನಯ್ಯ ಎದ್ದು ಪಂಚೆ ಕೊಡವಿಕೊಂಡ. "ಏನಮ್ಮ ಚೆಲುವಿ, ಸಾಮಾನು ಏರಿಸೋಣ್ವಾ?" ಎಂದು ಮೃದುವಾಗಿಯೇ ಕೇಳಿದ.

ಅವಳು ನನ್ನ ಕಡೆ ನೋಡಿದಳು. ಕೊಡಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ, ಅವಳಿಗೂ ಅದು ಗೊತ್ತಿತ್ತು. ಗಂಡನ ಕಡೆ ನೋಡಿದಳು, ಅವನು ಲಾರಿಯ ಚಕ್ರ ನೋಡುತ್ತಿದ್ದ. ಆಮೇಲೆ ಅವಳು ಜಗಲಿ ಇಳಿದು ಲಾರಿಯ ಆಚೆ ಬಗ್ಗಿ ನೋಡಿದಳು. ಗಿರಣಿಯ ಮುಂದೆ ಹೆಂಗಸರು ಡಬ್ಬಗಳನ್ನು ಸಾಲಾಗಿ ಇಟ್ಟು ಕಾಯುತ್ತಿದ್ದರು.

"ಇಲ್ಲ ಭಾವ" ಎಂದಳು. ಗಂಟಲು ಕಟ್ಟಿತು. ಕೆಮ್ಮಿ, ಇನ್ನೊಮ್ಮೆ ಹೇಳಿದಳು. "ಇಲ್ಲ. ಹತ್ತು ಜನ ಕಾಯ್ತಾ ಇದಾರೆ, ಲಾರಿ ತೆಗೀರಿ. ದಾರಿಗೆ ಅಡ್ಡ ಇದೆ."

ಅದರಲ್ಲಿ ಚುಚ್ಚು ಇರಲಿಲ್ಲ, ತಿರುಗಿ ಕೊಡಲು ಹೊನ್ನಯ್ಯನಿಗೆ ಹಿಡಿಯೂ ಇರಲಿಲ್ಲ. ಅವನು ತಮ್ಮನನ್ನು ನೋಡಿದ. ಕೆಂಪರಾಜು ತಲೆ ಕೆರೆದುಕೊಂಡು, ಅಣ್ಣ, ಅವಳಿಲ್ಲದೆ ಆ ಕಲ್ಲಿಗೆ ಉಳಿ ಹೊಡೆಯೋಕೆ ನನಗಂತೂ ಬರಲ್ಲ ಎಂದ. ಚೆಲುವಾಂಬ ಅಷ್ಟರಲ್ಲಾಗಲೇ ಲಾರಿಯ ಪಕ್ಕದಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ತೂರಿ ಆಚೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಗಿರಣಿಯ ಸದ್ದು ಶುರುವಾಯಿತು.

ಒಳಗೆ ಯಂತ್ರ ನನ್ನ ಹೆಸರು ಕೇಳುತ್ತಿದೆ ಎಂದು ಜುಲೇಖಮ್ಮ ಕೂಗಿದರು. ಬಂದೆ ಎಂದು ಹೇಳಿ ನಾನು ಅಲ್ಲೇ ನಿಂತೆ. ನಮ್ಮ ಬೀದಿಯಲ್ಲಿ ಲಾರಿ ತಿರುಗುವುದಿಲ್ಲ, ಬಂದ ಹಾಗೇ ಹಿಂದಕ್ಕೆ ಹೋಗಬೇಕು. ಮಹದೇವಯ್ಯನವರು ಲುಂಗಿ ಎತ್ತಿ ಕಟ್ಟಿಕೊಂಡು ಹಿಂದೆ ಹೋಗಿ ನಿಂತು, ಎರಡೂ ಕೈ ಬೀಸುತ್ತ, ಬರ್ಲಿ, ಬರ್ಲಿ, ಇನ್ನೂ ಬರ್ಲಿ ಎಂದು ಹೊನ್ನಯ್ಯನ ಲಾರಿಯನ್ನು ಹೆದ್ದಾರಿಯ ಕಡೆಗೆ ಮೊಳ ಮೊಳವಾಗಿ ಕಳಿಸುತ್ತಿದ್ದರು.